ಕಾಡಿನ ನ್ಯಾಯವೆಂಬ ಸುಳ್ಳುಸಾಕ್ಷಿ

ಕಾಡಿನಲ್ಲಿ ಒಂದು ರಾತ್ರಿಯನ್ನೂ ಕಳೆಯದವರ ಬಾಯಲ್ಲಿ ‘ಕಾಡಿನ ನ್ಯಾಯ’ದ ಮಾತು ಸಲೀಸಾಗಿ ಬರುತ್ತದೆ. ಊರು ಮುಳುಗಿಸುವ ಯೋಜನೆಗೆ ಯಾರಾದರೂ ತಕರಾರು ತೆಗೆದಾಗ, ಗೋಮಾಳಕ್ಕೆ ಬಲ್ಲಿದರು ಬೇಲಿ ಹಾಕಿಕೊಂಡದ್ದನ್ನು ಪ್ರಶ್ನಿಸಿದಾಗ, ಗ್ರಾಮಸಭೆಯಲ್ಲಿ ಕೂಲಿಯ ಹೆಂಗಸೊಬ್ಬಳು ಎದ್ದು ನಿಂತು ಲೆಕ್ಕ ಕೇಳಿದಾಗ ಉತ್ತರ ಮೊದಲೇ ಸಿದ್ಧವಿರುತ್ತದೆ: ಬಲವಿದ್ದವನು ಆಳುತ್ತಾನೆ, ಇಲ್ಲದವನು ತಗ್ಗುತ್ತಾನೆ, ಬೇಕಿದ್ದರೆ ಪ್ರಾಣಿಗಳನ್ನು ನೋಡಿ. ಪಟ್ಟಣದ ತರಬೇತಿ ಶಿಬಿರಗಳಲ್ಲಿ ಇದೇ ಮಾತು ‘ಆಲ್ಫಾ’ ಎಂಬ ಗ್ರೀಕ್ ಅಕ್ಷರದ ವೇಷ ತೊಟ್ಟು ಬರುತ್ತದೆ. ಹಿಂಡನ್ನು ಆಳುವ ಆಲ್ಫಾ ತೋಳದಂತೆ ಬಾಳಬೇಕೆಂದು ಕಾಲೇಜು ಹುಡುಗರಿಗೆ ಬೋಧಿಸಲಾಗುತ್ತದೆ. ಕಟಕಟೆಗೆ ಬಾರದ ಸಾಕ್ಷಿಯ ಹೆಸರಿನಲ್ಲಿ ಹೇಳಿಕೆ ಬರೆದುಕೊಂಡು ತೀರ್ಪು ಕೊಡುವ ಕ್ರಮವಿದು. ಆ ಸಾಕ್ಷಿಗಳನ್ನು ಒಂದೊಂದಾಗಿ ಕರೆದು ವಿಚಾರಿಸಿದರೆ ಪ್ರಕರಣ ಬೇರೆಯೇ ದಿಕ್ಕು ಹಿಡಿಯುತ್ತದೆ.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಮತ್ಸ್ಯನ್ಯಾಯ’ವೆಂಬ ಮಾತಿದೆ. ದಂಡ ಹಿಡಿಯುವವನಿಲ್ಲದಿದ್ದರೆ ದೊಡ್ಡ ಮೀನು ಸಣ್ಣ ಮೀನನ್ನು ನುಂಗುವಂತೆ ಬಲ್ಲಿದನು ದುರ್ಬಲನನ್ನು ನುಂಗುವನೆಂಬುದು ಅಲ್ಲಿಯ ಎಚ್ಚರಿಕೆ. ಆತ ಅದನ್ನು ತಪ್ಪಿಸಬೇಕಾದ ಅನಾಹುತವೆಂದು ಹೇಳಿದ. ಇಂದಿನವರು ಅದನ್ನೇ ಅನುಸರಿಸಬೇಕಾದ ನಿಯಮವೆಂದು ಓದುತ್ತಾರೆ. ಅದಿರಲಿ, ಮೀನು ಮೀನನ್ನು ನುಂಗುವುದು ಊಟದ ವಿಷಯ, ಆಳ್ವಿಕೆಯ ವಿಷಯವಲ್ಲ. ಹುಲಿ ಕಡವೆಯನ್ನು ಕೊಂದು ತಿನ್ನುತ್ತದೆ. ಆದರೆ ಕಡವೆಯ ಹಿಂಡಿನ ಮೇಲೆ ಅದಕ್ಕೆ ಯಾವ ಯಜಮಾನಿಕೆಯೂ ಇಲ್ಲ. ಅದು ಕಡವೆಗಳಿಂದ ಕಪ್ಪ ಕೇಳುವುದಿಲ್ಲ, ಅವುಗಳ ಮರಿಗಳನ್ನು ಜೀತಕ್ಕೆ ಇಟ್ಟುಕೊಳ್ಳುವುದಿಲ್ಲ, ಹೊಟ್ಟೆ ತುಂಬಿದ ಮೇಲೆ ಅವು ಎಲ್ಲಿ ಮೇಯಬೇಕೆಂದು ಕಟ್ಟಳೆ ವಿಧಿಸುವುದಿಲ್ಲ. ಪ್ರಾಣಿಶಾಸ್ತ್ರದಲ್ಲಿ ‘ಪ್ರಾಬಲ್ಯ’ವೆನ್ನುವುದು ಹೆಚ್ಚಾಗಿ ಒಂದೇ ಜಾತಿಯ, ಒಟ್ಟಿಗೆ ಬಾಳುವ ಜೀವಿಗಳ ನಡುವಿನ ಸಂಬಂಧಕ್ಕೆ ಬಳಸುವ ಪದ. ಬೇಟೆಯನ್ನೂ ಪ್ರಾಬಲ್ಯವನ್ನೂ ಒಂದೇ ಮೂಟೆಯಲ್ಲಿ ಕಟ್ಟಿದವರು ಯಾರೇ ಇರಲಿ, ಅವರು ಹುಲಿಗೂ ಅನ್ಯಾಯ ಮಾಡಿದ್ದಾರೆ.

ಈ ಪದಕ್ಕೆ ಶಾಸ್ತ್ರದಲ್ಲಿ ಸ್ಥಾನ ಸಿಕ್ಕಿದ್ದು ಕೋಳಿಗಳಿಂದ. ನಾರ್ವೆ ದೇಶದ ಥಾರ್ಲೀಫ್ ಶೆಲ್ಡರಪ್-ಎಬ್ಬೆ ಎಂಬಾತ ಬಾಲ್ಯದಿಂದಲೇ ಮನೆಯ ಕೋಳಿಗಳನ್ನು ಗಮನಿಸುತ್ತ, ಯಾವುದು ಯಾವುದನ್ನು ಕುಕ್ಕುತ್ತದೆಂದು ಬರೆದಿಡುತ್ತಿದ್ದ. 1922ರಲ್ಲಿ ಆತ ಪ್ರಕಟಿಸಿದ ಬರಹದಿಂದ ‘ಕುಕ್ಕುವ ಸರದಿ’ ಎಂಬ ಕಲ್ಪನೆ ಜಗತ್ತಿಗೆ ತಿಳಿಯಿತು. ಮೊದಲನೆಯ ಹೇಂಟೆ ಎರಡನೆಯದನ್ನು ಕುಕ್ಕುತ್ತದೆ, ಎರಡನೆಯದು ಮೂರನೆಯದನ್ನು. ಕೆಳಗಿನದು ಮೇಲಿನದಕ್ಕೆ ತಿರುಗಿ ಕುಕ್ಕುವುದಿಲ್ಲ. ಆದರೆ ಅದೇ ಅಂಗಳದಲ್ಲಿ ಆತ ಇನ್ನೊಂದನ್ನೂ ಕಂಡಿದ್ದ: ಕೆಲವೊಮ್ಮೆ ಮೊದಲನೆಯದು ಎರಡನೆಯದನ್ನು, ಎರಡನೆಯದು ಮೂರನೆಯದನ್ನು, ಮೂರನೆಯದು ಮತ್ತೆ ಮೊದಲನೆಯದನ್ನೇ ಕುಕ್ಕುವ ತ್ರಿಕೋನಗಳಿದ್ದವು. ಹೇಂಟೆಗಳೇ ನೇರ ಏಣಿಯನ್ನು ಒಪ್ಪಿಕೊಂಡಿರಲಿಲ್ಲ. ಆದರೂ ಆ ಪಂಡಿತ ಅಷ್ಟಕ್ಕೆ ನಿಲ್ಲದೆ, ನಿರಂಕುಶತೆಯೇ ಜಗತ್ತಿನ ಮೂಲ ಸೂತ್ರವೆಂದು ಸಾರಿದ. ಒಂದು ಅಂಗಳದ ಕೋಳಿಗಳಿಂದ ಇಡೀ ವಿಶ್ವಕ್ಕೆ ಜಿಗಿದ ಈ ಜಿಗಿತವನ್ನು ಆ ಕಾಲದ ಯುರೋಪು ಹೆಚ್ಚು ತಕರಾರಿಲ್ಲದೆ ಸ್ವೀಕರಿಸಿತು. ರಾಜರು ಉರುಳುತ್ತಿದ್ದ, ಸರ್ವಾಧಿಕಾರಿಗಳು ಏಳುತ್ತಿದ್ದ ಕಾಲವದು.

ತೋಳದ ಕಥೆ ಇನ್ನೂ ಸ್ವಾರಸ್ಯಕರ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳ ನಡವಳಿಕೆಯನ್ನು ವಿವರಿಸಿದ. ಸಣ್ಣ ಆವರಣವೊಂದರಲ್ಲಿ ಕೂಡಿಹಾಕಿದ ತೋಳಗಳವು. ಅವು ಕಚ್ಚಾಡಿದವು, ಒಂದು ಗಂಡು ಮತ್ತು ಒಂದು ಹೆಣ್ಣು ಮೇಲುಗೈ ಸಾಧಿಸಿದವು. ತಪ್ಪಿಸಿಕೊಂಡು ಹೋಗಲು ಜಾಗವಿಲ್ಲದವರು ಮತ್ತೇನು ಮಾಡಿಯಾರು? ಅಮೆರಿಕದ ಡೇವಿಡ್ ಮೆಕ್ 1970ರಲ್ಲಿ ತೋಳಗಳ ಬಗ್ಗೆ ಬರೆದ ಪುಸ್ತಕ ಈ ‘ಆಲ್ಫಾ’ ಕಲ್ಪನೆಯನ್ನು ಮನೆಮನೆಗೆ ಮುಟ್ಟಿಸಿತು. ಮುಂದೆ ಅದೇ ಮೆಕ್ 1986ರಿಂದ ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ಹಲವು ಬೇಸಿಗೆಗಳನ್ನು ಕಾಡುತೋಳಗಳ ಹತ್ತಿರವೇ ಕಳೆದ. ಅಲ್ಲಿ ಆತ ಕಂಡದ್ದು ತಂದೆ, ತಾಯಿ ಮತ್ತು ಮಕ್ಕಳ ಸಂಸಾರ. ಹಿಂಡಿನ ‘ನಾಯಕ’ ಯಾರನ್ನೂ ಸೋಲಿಸಿ ಪಟ್ಟಕ್ಕೇರಿದವನಲ್ಲ. ಮರಿಗಳನ್ನು ಹುಟ್ಟಿಸಿ ಸಾಕಿದ ಅಪ್ಪ. ಬೆಳೆದ ಮರಿಗಳು ಮನೆ ಬಿಟ್ಟು ಜೊತೆ ಹುಡುಕಿ ತಮ್ಮದೇ ಸಂಸಾರ ಹೂಡುತ್ತವೆ. 1999ರಲ್ಲಿ ಮೆಕ್ ತನ್ನ ಹಳೆಯ ಅಭಿಪ್ರಾಯವನ್ನು ಲೇಖನದ ಮೂಲಕ ಬಹಿರಂಗವಾಗಿ ತಿದ್ದಿದ. ಹಳೆಯ ಪುಸ್ತಕದ ಮುದ್ರಣವನ್ನು ನಿಲ್ಲಿಸಿರೆಂದು ಪ್ರಕಾಶಕರನ್ನು ಬೇಡುತ್ತ ಬಂದ. ಅದು ನಿಂತದ್ದು 2022ರಲ್ಲಿ. ಪುಸ್ತಕ ಬರೆದವನೇ ಹಿಂತೆಗೆದುಕೊಂಡ ಮಾತನ್ನು ಇಂದಿಗೂ ತರಬೇತುದಾರರು ಶುಲ್ಕ ಪಡೆದು ಮಾರುತ್ತಿದ್ದಾರೆ. ನಾಯಿ ಪಳಗಿಸುವವರ ವಿಷಯ ಹೇಳುವುದೇ ಬೇಡ. ‘ಯಜಮಾನ ಯಾರೆಂದು ತೋರಿಸಬೇಕು’ ಎಂದು ಬಡಪಾಯಿ ನಾಯಿಮರಿಯನ್ನು ಅಂಗಾತ ಒತ್ತಿ ಹಿಡಿಯುವ ಪದ್ಧತಿಗೂ ಇದೇ ಆಧಾರ.

ಕನ್ನಡನಾಡಿನ ಕಾಡಿನಲ್ಲಿ ತೋಳಕ್ಕಿಂತ ಪರಿಚಿತವಾದದ್ದು ಸೀಳುನಾಯಿ. ಅದರ ಹಿಂಡಿನ ವಿಷಯ ಬಂಡೀಪುರದಲ್ಲಿ 1970ರ ದಶಕದಲ್ಲಿ ಎ.ಜೆ.ಟಿ. ಜಾನ್‌ಸಿಂಗ್ ನಡೆಸಿದ ಅಧ್ಯಯನದಿಂದ ಸಾಕಷ್ಟು ತಿಳಿದಿದೆ. ಬೇಟೆಗೆ ಹೋದವು ತಿಂದ ಮಾಂಸವನ್ನು ಹೊಟ್ಟೆಯಲ್ಲಿ ಹೊತ್ತು ತಂದು, ಗುಹೆಯ ಬಳಿ ಉಳಿದ ತಾಯಿಗೂ ಮರಿಗಳಿಗೂ ಕಕ್ಕಿ ಉಣಿಸುತ್ತವೆ. ಬೇಟೆಯ ಬಳಿಗೆ ಬರುವಷ್ಟು ಮರಿಗಳು ಬೆಳೆದಾಗ ಮೊದಲ ಊಟ ಅವುಗಳದು, ದೊಡ್ಡವು ಕಾಯುತ್ತವೆ. ಇಂತಹ ಪ್ರಾಣಿಯನ್ನು ಕ್ರೌರ್ಯದ ಪ್ರತಿರೂಪವೆಂದು ಕರೆದು, ತಲೆಗಿಷ್ಟು ಇನಾಮು ಕೊಟ್ಟು ಕೊಲ್ಲಿಸುವ ಪದ್ಧತಿ ಬ್ರಿಟಿಷರ ಕಾಲದಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರುವವರೆಗೂ ನಡೆಯಿತು. ಯಾರು ಯಾರನ್ನು ಕ್ರೂರಿಯೆಂದು ಕರೆಯುತ್ತಾರೆ ಎಂಬುದನ್ನು ವಿದ್ಯಾರ್ಥಿಗಳು ಇಲ್ಲಿ ಗಮನಿಸಬಹುದು.

ಇನ್ನು ‘ರಾಣಿ’ ಜೇನಿನ ಆಳ್ವಿಕೆ. ಪುರಾತನ ಗ್ರೀಸಿನ ಅರಿಸ್ಟಾಟಲ್ ಅದನ್ನು ಗಂಡೆಂದು ಬಗೆದು ರಾಜನೆಂದ. ಹದಿನೇಳನೆಯ ಶತಮಾನದಲ್ಲಿ ಅದು ಹೆಣ್ಣೆಂದು ತಿಳಿದಾಗ ರಾಜ ಹೋಗಿ ರಾಣಿ ಬಂದಳು. ಸಿಂಹಾಸನ ಮಾತ್ರ ಹಾಗೆಯೇ ಉಳಿಯಿತು. ಮಲೆನಾಡಿನಲ್ಲಿ ತುಡುವೆ ಜೇನು ಸಾಕುವ ಯಾವ ರೈತನನ್ನು ಕೇಳಿದರೂ ಆತ ನಗುತ್ತಾನೆ. ರಾಣಿ ಮೊಟ್ಟೆಯಿಡುತ್ತದೆ, ಅಷ್ಟೆ. ಅದು ಯಾರಿಗೂ ಆಜ್ಞೆ ಕೊಡುವುದಿಲ್ಲ. ಮೊಟ್ಟೆ ಕಡಿಮೆಯಾದರೆ ಕೆಲಸಗಾರ ನೊಣಗಳೇ ಹೊಸ ರಾಣಿಯನ್ನು ಬೆಳೆಸಿ ಹಳೆಯದನ್ನು ಬದಲಿಸುತ್ತವೆ. ಹಿಸ್ಸೆಯಾಗಿ ಹೊರಟ ಕುಟುಂಬ ಹೊಸ ಪೊಟರೆಯನ್ನು ಹೇಗೆ ಆರಿಸುತ್ತದೆಂಬುದನ್ನು ಮೊದಲು ಜರ್ಮನಿಯ ಮಾರ್ಟಿನ್ ಲಿಂಡಾವರ್, ಆಮೇಲೆ ಅಮೆರಿಕದ ಥಾಮಸ್ ಸೀಲಿ ವಿವರವಾಗಿ ಕಂಡಿದ್ದಾರೆ. ಹಿರಿಯ ನೊಣಗಳು ಸುತ್ತಮುತ್ತ ಹುಡುಕಿ ಬಂದು, ತಾವು ಕಂಡ ಜಾಗವನ್ನು ಕುಣಿತದಿಂದ ತಿಳಿಸುತ್ತವೆ. ಇತರ ನೊಣಗಳು ಹೋಗಿ ಪರೀಕ್ಷಿಸಿ ಬರುತ್ತವೆ. ಒಳ್ಳೆಯ ಜಾಗಕ್ಕೆ ಬೆಂಬಲ ಕೂಡುತ್ತ ಹೋಗಿ, ಸಾಕಷ್ಟು ಸಂಖ್ಯೆ ಒಪ್ಪಿದ ಮೇಲೆ ಎಲ್ಲವೂ ಹಾರುತ್ತವೆ. ರಾಣಿ ಹಿಂದೆ ಬರುತ್ತದೆ. ಅನೇಕ ಗ್ರಾಮಸಭೆಗಳ ನಡಾವಳಿ ಇಷ್ಟು ಶುದ್ಧವಾಗಿಲ್ಲ ಎಂಬುದು ಬೇರೆ ಮಾತು.

ಹಾಗಾದರೆ ಪ್ರಾಣಿಗಳಲ್ಲಿ ಪ್ರಾಬಲ್ಯವೇ ಇಲ್ಲವೇ? ಇದೆ. ಅದನ್ನು ಅಲ್ಲಗಳೆಯುವುದು ಇನ್ನೊಂದು ಬಗೆಯ ಸುಳ್ಳು. ಪ್ರಶ್ನೆ ಅದರ ಅರ್ಥವೇನೆಂಬುದು. ಎರಡು ಜೀವಿಗಳು ಒಂದೇ ತುತ್ತಿಗೆ, ಒಂದೇ ನೆರಳಿಗೆ ಮತ್ತೆ ಮತ್ತೆ ಎದುರಾದಾಗ ಪ್ರತಿಸಲವೂ ಒಂದೇ ಜೀವಿ ಹಿಂಜರಿದರೆ ಆ ಜೋಡಿಯಲ್ಲಿ ಇನ್ನೊಂದು ಪ್ರಬಲ. 1993ರಲ್ಲಿ ಕಾರ್ಲೋಸ್ ಡ್ರ್ಯೂಸ್ ಎಂಬ ವಿಜ್ಞಾನಿ ಈ ಪದದ ಹತ್ತಾರು ಅರ್ಥಗಳನ್ನು ಜಾಲಿಸಿ ಹೆಚ್ಚುಕಡಿಮೆ ಈ ತೀರ್ಮಾನಕ್ಕೆ ಬಂದ. ಅಂದರೆ ಪ್ರಾಬಲ್ಯವು ಕೊಂಬಿನ ಉದ್ದದಂತೆ ಒಂದು ಜೀವಿಯ ಮೈಗೆ ಅಂಟಿಕೊಂಡ ಗುಣವಲ್ಲ. ಇಬ್ಬರ ನಡುವಿನ ಸಂಬಂಧ. ಒಂದು ಗುಂಪಿನಲ್ಲಿ ಮೇಲಿದ್ದವನು ಇನ್ನೊಂದು ಗುಂಪಿಗೆ ಹೋದಾಗ ಮೂಲೆಯಲ್ಲಿ ಕೂರಬೇಕಾಗಬಹುದು. ಇನ್ನೂ ಮುಖ್ಯವಾದ ಸಂಗತಿಯೆಂದರೆ ಆ ಸಂಬಂಧವನ್ನು ಉಳಿಸುವುದು ಹಿಂಜರಿಯುವ ಜೀವಿ. ಅದು ಬದಿಗೆ ಸರಿಯುವುದರಿಂದ ಕಚ್ಚಾಟ ತಪ್ಪುತ್ತದೆ, ಇಬ್ಬರ ರಕ್ತವೂ ಉಳಿಯುತ್ತದೆ. ಜಗಳ ಹೆಚ್ಚಿಸುವ ಏರ್ಪಾಡಿಗಿಂತ ಜಗಳ ಮುಗಿಸುವ ಏರ್ಪಾಡಾಗಿ ಅದು ಕೆಲಸ ಮಾಡುತ್ತದೆ.

ಇದಕ್ಕೆ ಶಾಸ್ತ್ರಗ್ರಂಥ ಬೇಕಿಲ್ಲ, ಕೊಟ್ಟಿಗೆ ಸಾಕು. ಬೇಣದಲ್ಲಿ ಹರಡಿ ಮೇಯುವ ದನಗಳ ನಡುವೆ ದಿನವಿಡೀ ಕಾದರೂ ಒಂದು ಹಾಯುವಿಕೆ ಕಾಣುವುದು ಅಪರೂಪ. ಅವೇ ದನಗಳ ಮುಂದೆ ಒಂದೇ ಬಾನಿಯಲ್ಲಿ ಅಕ್ಕಚ್ಚು ಇಟ್ಟರೆ ಕ್ಷಣದಲ್ಲಿ ಯಾರು ಮೊದಲು, ಯಾರು ಕೊನೆ ಎಂಬುದು ಕೊಂಬಿನಿಂದ ತೀರ್ಮಾನವಾಗುತ್ತದೆ. ದನಗಳ ಸ್ವಭಾವ ಮಧ್ಯಾಹ್ನಕ್ಕೂ ಸಂಜೆಗೂ ಬದಲಾಯಿತೇ? ಬದಲಾದದ್ದು ಬಾನಿ. ಇನ್ನೊಂದು ಸಂಗತಿ: ಬಾನಿಯ ಬಳಿ ಹಾಯುವ ಹಸುವೇ ಸಂಜೆ ಹಿಂಡನ್ನು ದಣಪೆಯವರೆಗೆ ನಡೆಸಿಕೊಂಡು ಬರಬೇಕೆಂದಿಲ್ಲ. ಮುಂದೆ ನಡೆಯುವುದು ಹೆಚ್ಚಾಗಿ ದಾರಿ ಬಲ್ಲ, ಹಳೆಯ, ಶಾಂತ ಸ್ವಭಾವದ ಒಂದು ಹಸು. ದಾರಿ ತೋರುವುದಕ್ಕೂ ಕೊಂಬು ತೋರುವುದಕ್ಕೂ ಇರುವ ಈ ಅಂತರವನ್ನು ದನ ಕಾಯುವ ಹುಡುಗರು ಬಲ್ಲರು. ನಾಯಕತ್ವದ ಶಿಬಿರ ನಡೆಸುವವರು ಬಲ್ಲಂತಿಲ್ಲ.

ಉಗಾಂಡದ ಕಾಡುಗಳಲ್ಲಿ ಬಬೂನ್ ಕೋತಿಗಳನ್ನು ಗಮನಿಸಿದ ಥೆಲ್ಮಾ ರೋವೆಲ್ ಎಂಬ ವಿಜ್ಞಾನಿ ಹೇಳಿದ್ದೂ ಬಾನಿಯ ಮಾತನ್ನೇ. ಪಂಜರದಲ್ಲಿ, ಇಕ್ಕಟ್ಟಿನಲ್ಲಿ, ಒಂದೇ ಕಡೆ ಆಹಾರ ಸುರಿದಾಗ ಕಾಣುವ ಕಟ್ಟುನಿಟ್ಟಿನ ಶ್ರೇಣಿ, ಕಾಡಿನಲ್ಲಿ ಹಣ್ಣು ಚದುರಿ ಸಿಗುವಲ್ಲಿ ಆಕೆಗೆ ಕಾಣಲಿಲ್ಲ. 1974ರಲ್ಲಿ ಆಕೆ ಬರೆದ ಲೇಖನ ಶ್ರೇಣಿಯೆಂಬುದು ಎಷ್ಟರಮಟ್ಟಿಗೆ ನೋಡುವವರೇ ಹುಟ್ಟಿಸಿದ್ದು ಎಂಬ ಪ್ರಶ್ನೆಯನ್ನು ಎತ್ತಿತು. ಗೊಂಬೆಯಲ್ಲಿ ಚಿಂಪಾಂಜಿಗಳನ್ನು ಹತ್ತಿರದಿಂದ ನೋಡಲೆಂದು ಜೇನ್ ಗುಡಾಲ್ ಬಾಳೆಹಣ್ಣು ಇಡತೊಡಗಿದಾಗಲೂ ಜಗಳ ಹೆಚ್ಚಿತು. ಅದನ್ನು ಆಕೆಯೇ ಒಪ್ಪಿಕೊಂಡು ಮುಂದೆ ಆ ಪದ್ಧತಿಯನ್ನು ಕಡಿಮೆ ಮಾಡಿದರು. ಅಲ್ಲಿ 1964ರಲ್ಲಿ ಮೈಕ್ ಎಂಬ ಸಾಧಾರಣ ಗಾತ್ರದ ಚಿಂಪಾಂಜಿಯೊಂದು, ಶಿಬಿರದಿಂದ ಕದ್ದ ಸೀಮೆಎಣ್ಣೆಯ ಖಾಲಿ ಡಬ್ಬಗಳನ್ನು ದಡದಡನೆ ಉರುಳಿಸುತ್ತ ಓಡಿ ಎಲ್ಲರನ್ನೂ ಹೆದರಿಸಿ ಮೇಲಿನ ಸ್ಥಾನ ಗಿಟ್ಟಿಸಿತು. ಖಾಲಿ ಡಬ್ಬದ ಸದ್ದಿನಿಂದ ಪದವಿ ಪಡೆಯುವ ವಿದ್ಯೆ ಚಿಂಪಾಂಜಿಗಳಿಗೆ ಮೀಸಲಲ್ಲ. ‘ಆಲ್ಫಾ’ ಪದವನ್ನು ರಾಜಕಾರಣಿಗಳಿಗೆ ಪರಿಚಯಿಸಿದ ಕೃತಿಯ ಕರ್ತೃ ಫ್ರಾನ್ಸ್ ಡಿ ವಾಲ್ ಕೂಡ ತನ್ನ ಮಾತು ದಾರಿತಪ್ಪಿತೆಂದು ಕೊನೆಯವರೆಗೂ ಹೇಳುತ್ತಿದ್ದ: ಮೇಲಿನ ಸ್ಥಾನದ ಚಿಂಪಾಂಜಿ ಅನೇಕ ಸಲ ಜಗಳ ಬಿಡಿಸುವವನು, ಸೋತವನನ್ನು ಸಂತೈಸುವವನು, ಪೀಡಿಸುವವನ ಪದವಿ ಬಹುಕಾಲ ನಿಲ್ಲುವುದಿಲ್ಲ.

ಈ ಎಲ್ಲ ಸಾಕ್ಷಿಗಳಲ್ಲಿ ಮಲೆನಾಡಿಗೆ ನೇರವಾಗಿ ಸಂಬಂಧಿಸಿದ್ದು ಲಂಡನ್ನಿನದು. ಅಲ್ಲಿಯ ಮೃಗಾಲಯದಲ್ಲಿ 1925ರಲ್ಲಿ ಕೃತಕ ಕಲ್ಲುಗುಡ್ಡವೊಂದನ್ನು ಕಟ್ಟಿ ‘ಮಂಕಿ ಹಿಲ್’ ಎಂದು ಹೆಸರಿಟ್ಟರು. ಆಫ್ರಿಕಾದಿಂದ ತಂದ ಸುಮಾರು ನೂರು ಹಮದ್ರಿಯಸ್ ಬಬೂನ್‌ಗಳನ್ನು ಅದರ ಮೇಲೆ ಬಿಟ್ಟರು. ಹೆಚ್ಚಿನವು ಗಂಡು. ಒಂದಕ್ಕೊಂದು ಪರಿಚಯವಿಲ್ಲ, ಬಂಧುತ್ವವಿಲ್ಲ, ಓಡಿಹೋಗಲು ದಾರಿಯಿಲ್ಲ. ಕೆಲವು ಹೆಣ್ಣುಗಳಿಗಾಗಿ ನಡೆದ ಕಾದಾಟದಲ್ಲಿ ಗಂಡುಗಳು ಸತ್ತವು. ಎಳೆದಾಟಕ್ಕೆ ಸಿಕ್ಕಿದ ಹೆಣ್ಣುಗಳೂ ಸತ್ತವು. 1927ರಲ್ಲಿ ಪರಿಸ್ಥಿತಿ ಸುಧಾರಿಸಲೆಂದು ಇನ್ನಷ್ಟು ಹೆಣ್ಣುಗಳನ್ನು ತಂದು ಬಿಡಲಾಯಿತು. ಅವುಗಳಲ್ಲಿಯೂ ಹೆಚ್ಚಿನವು ಕೆಲವೇ ವರ್ಷಗಳಲ್ಲಿ ಹತವಾದವು. ಇದನ್ನು ಅಭ್ಯಾಸ ಮಾಡಿದ ಸಾಲಿ ಜುಕರ್‌ಮನ್ 1932ರ ತನ್ನ ಗ್ರಂಥದಲ್ಲಿ ಕಾಮ ಮತ್ತು ಪ್ರಾಬಲ್ಯಗಳೇ ಕೋತಿಗಳ ಸಮಾಜವನ್ನು ಕಟ್ಟುವ ಶಕ್ತಿಗಳೆಂದು ಬರೆದ. ಸ್ಮಶಾನವನ್ನು ನೋಡಿ ಊರಿನ ಸ್ವಭಾವ ಬರೆದಂತಾಯಿತು. 1960ರ ದಶಕದಲ್ಲಿ ಹಾನ್ಸ್ ಕುಮ್ಮರ್ ಇಥಿಯೋಪಿಯಾದ ಬೆಟ್ಟಗಳಲ್ಲಿ ಅದೇ ಜಾತಿಯ ಕೋತಿಗಳನ್ನು ನೋಡಿದಾಗ ಚಿತ್ರವೇ ಬೇರೆ: ಸಣ್ಣ ಸಣ್ಣ ಸಂಸಾರಗಳು, ಸಂಸಾರಗಳು ಕೂಡಿದ ಬಳಗಗಳು, ರಾತ್ರಿ ಒಂದೇ ಬಂಡೆಗಲ್ಲಿನಲ್ಲಿ ನೂರಾರು ಕೋತಿಗಳ ಮಲಗುವಿಕೆ, ಒಂದು ಗಂಡಿನೊಡನೆ ಜೊತೆಗೂಡಿದ ಹೆಣ್ಣನ್ನು ಕಂಡರೆ ಪರಿಚಿತವಾದ ಇನ್ನೊಂದು ಗಂಡು ಮುಖ ತಿರುಗಿಸಿ ಕೂರುವ ಮರ್ಯಾದೆ. ಮಂಕಿ ಹಿಲ್‌ನಲ್ಲಿ ಸತ್ತದ್ದು ಕೋತಿಗಳ ಜೊತೆಗೆ ಈ ಮರ್ಯಾದೆ.

ಇದನ್ನು ಇಷ್ಟು ವಿವರಿಸಲು ಕಾರಣವಿದೆ. 2019ರಲ್ಲಿ ಮಂಗಗಳ ಹಾವಳಿಗೆ ಪರಿಹಾರವೆಂದು ಮಲೆನಾಡಿನಲ್ಲಿ, ಶರಾವತಿ ಹಿನ್ನೀರಿನ ಪ್ರದೇಶದಲ್ಲಿ, ‘ಮಂಗಗಳ ಪಾರ್ಕ್’ ಮಾಡುವ ಪ್ರಸ್ತಾವ ಸರ್ಕಾರದ ಮಟ್ಟದಲ್ಲಿ ಕೇಳಿಬಂತು. ಊರೂರಿನ ಮಂಗಗಳನ್ನು ಬೋನಿನಲ್ಲಿ ಹಿಡಿದು ತಂದು ಒಂದೆಡೆ ಕೂಡಿಹಾಕುವುದು ಅದರ ತಿರುಳು. ವಿರೋಧ ಬಂತು. ಆದರೆ ಬೇಡಿಕೆ ಸತ್ತಿಲ್ಲ. ಅಡಿಕೆಯ ಎಳೆಗಾಯಿ ಉದುರಿದ ಪ್ರತಿವರ್ಷ ಸಭೆಗಳಲ್ಲಿ ಮತ್ತೆ ಏಳುತ್ತದೆ. ತೊಂಬತ್ತು ವರ್ಷಗಳ ಹಿಂದೆ ಲಂಡನ್ನಿನಲ್ಲಿ ವಿಫಲವಾದ ಗುಡ್ಡವನ್ನು ಹಿನ್ನೀರಿನ ದಡದಲ್ಲಿ ಮತ್ತೆ ಕಟ್ಟುವ ಉತ್ಸಾಹವಿದು.

ರೈತರ ನಷ್ಟ ಕಟ್ಟುಕಥೆಯಲ್ಲ. ಬಾಳೆ, ಏಲಕ್ಕಿ, ಕೊಕ್ಕೋ, ಅಡಿಕೆಯ ಎಳೆಗಾಯಿ, ಹಿತ್ತಿಲಿನ ತರಕಾರಿ, ಕೊನೆಗೆ ಮನೆಯ ಹಂಚು, ಯಾವುದೂ ಉಳಿಯದ ಊರುಗಳಿವೆ. ಒಂದೆರಡು ಎಕರೆಯವನಿಗೆ ತೋಟ ಕಾಯಲು ಆಳಿಡುವ ಶಕ್ತಿಯಿಲ್ಲ; ಅವನ ಮಕ್ಕಳು ಶಾಲೆ ಬಿಟ್ಟು ಗರ್ನಾಲು ಹಿಡಿದು ಕೂರುತ್ತಾರೆ. ಇಂತಹವನ ಎದುರು ನಿಂತು ಮಂಗವೂ ದೇವರೆಂದು ಉಪದೇಶಿಸುವುದು ನಾಚಿಕೆಗೇಡು. ಆದರೆ ಅವನಿಗೆ ಪಾರ್ಕಿನ ಆಸೆ ತೋರಿಸುವುದು ಅದಕ್ಕಿಂತ ದೊಡ್ಡ ಮೋಸ.

ಮಲೆನಾಡಿನ ಸಾಮಾನ್ಯ ಮಂಗ ತನ್ನ ಬಳಗದ ಇತರ ಜಾತಿಗಳಿಗೆ ಹೋಲಿಸಿದರೆ ಸೌಮ್ಯ. ಅದರ ಗಂಡುಗಳು ಒಂದನ್ನೊಂದು ಅಪ್ಪಿಕೊಳ್ಳುತ್ತವೆ, ಒತ್ತಾಗಿ ಕೂತು ಹೇನು ಹೆಕ್ಕಿಕೊಳ್ಳುತ್ತವೆ. ಒಂದೇ ಗುಂಪಿನಲ್ಲಿ ಹಲವು ಗಂಡುಗಳು ಬಾಳುವುದು ಅದರ ವಾಡಿಕೆ. ಹೆಣ್ಣುಗಳು ಹುಟ್ಟಿದ ಗುಂಪಿನಲ್ಲಿಯೇ ತಾಯಿ, ಚಿಕ್ಕಮ್ಮ, ಅಕ್ಕತಂಗಿಯರೊಡನೆ ಉಳಿಯುತ್ತವೆ. ಗುಂಪಿನ ಸ್ಥಾನಮಾನಗಳು ಹೆಚ್ಚಾಗಿ ತಾಯಿಯಿಂದ ಮಗಳಿಗೆ ಬರುತ್ತವೆ. ಬಂಡೀಪುರ, ಮುದುಮಲೆಯ ಹೆದ್ದಾರಿ ಬದಿಯಲ್ಲಿ ಪ್ರವಾಸಿಗರು ತಿಂಡಿ ಎಸೆಯುವ ಕಡೆಗಳಲ್ಲಿ ಈ ವಾಡಿಕೆ ಮುರಿದು, ಒಂದೇ ಗಂಡು ಹಿಡಿತ ಸಾಧಿಸಿದ ಗುಂಪುಗಳು ಹೆಚ್ಚಾಗಿ ಕಂಡುಬಂದುದನ್ನು ಬೆಂಗಳೂರಿನ ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು ದಾಖಲಿಸಿದ್ದಾರೆ. ಕುರುಕಲು ತಿಂಡಿಯ ಪೊಟ್ಟಣವೂ ಅಕ್ಕಚ್ಚಿನ ಬಾನಿಯೇ. ಘಟ್ಟದ ತಿರುವಿನಲ್ಲಿ ಕಾರು ನಿಲ್ಲಿಸಿ ಮಂಗನಿಗೆ ಬಿಸ್ಕೆಟ್ ಎಸೆದು ಪುಣ್ಯ ಕಟ್ಟಿಕೊಂಡವರು ತಾವು ಹುಟ್ಟಿಸಿದ ಪುಂಡನನ್ನು ಕೆಳಗಿನ ಊರಿನ ತೋಟಕ್ಕೆ ಬಿಟ್ಟು ಮನೆಗೆ ಹೋಗುತ್ತಾರೆ.

ಕಸದ ಗುಂಡಿ ಏನು ಮಾಡುತ್ತದೆಂಬುದಕ್ಕೆ ಕೆನ್ಯಾದ ಪ್ರಸಂಗ ಬಹಳ ಹೇಳುತ್ತದೆ. 1980ರ ದಶಕದಲ್ಲಿ ಅಲ್ಲಿ ರಾಬರ್ಟ್ ಸಪೋಲ್‌ಸ್ಕಿ ಗಮನಿಸುತ್ತಿದ್ದ ಬಬೂನ್ ಗುಂಪಿನ ಅತ್ಯಂತ ಜಗಳಗಂಟ ಗಂಡುಗಳು ಪಕ್ಕದ ಪ್ರವಾಸಿ ವಸತಿಗೃಹದ ಕಸಕ್ಕೆ ದಾಳಿಯಿಡುತ್ತಿದ್ದವು. ಕಸದಲ್ಲಿದ್ದ ರೋಗಪೀಡಿತ ಮಾಂಸದಿಂದ ಕ್ಷಯ ತಗುಲಿ ಅವು ಸತ್ತವು. ಉಳಿದವು ಹೆಣ್ಣುಗಳು ಮತ್ತು ಸೌಮ್ಯ ಗಂಡುಗಳು. ಗುಂಪಿನ ನಡವಳಿಕೆಯೇ ಬದಲಾಯಿತು. ಅಷ್ಟೇ ಆಗಿದ್ದರೆ ಆಶ್ಚರ್ಯವಿರಲಿಲ್ಲ. ವರ್ಷಗಳ ನಂತರ ಆ ಸೌಮ್ಯ ಗಂಡುಗಳೂ ಇಲ್ಲವಾಗಿ, ಹೊರಗಿನಿಂದ ಹೊಸ ಗಂಡುಗಳು ಬಂದು ಸೇರಿದ ಮೇಲೂ ಗುಂಪು ಹಾಗೆಯೇ ಶಾಂತವಾಗಿತ್ತು. ಬಂದವು ಆ ಗುಂಪಿನ ರೀತಿಯನ್ನು ಕಲಿತಿದ್ದವು. 2004ರಲ್ಲಿ ಇದು ಪ್ರಕಟವಾಯಿತು. ಕೋತಿಗೂ ಸಂಸ್ಕಾರವೆಂಬುದು ಇರಬಲ್ಲದಾದರೆ, ‘ಅದರ ಸ್ವಭಾವವೇ ಅಷ್ಟು’ ಎಂಬ ಮಾತನ್ನು ಮನುಷ್ಯನ ವಿಷಯದಲ್ಲಿ ಹೇಳಲು ಎಷ್ಟು ಧೈರ್ಯ ಬೇಕು!

ಪಾರ್ಕಿನ ಪರ ವಾದಿಸುವವರು ದಿಲ್ಲಿಯನ್ನಾದರೂ ನೋಡಬೇಕು. 2007ರಲ್ಲಿ ಹೈಕೋರ್ಟಿನ ಆದೇಶದ ಮೇರೆಗೆ ಅಲ್ಲಿಯ ಮಂಗಗಳನ್ನು ಹಿಡಿದು ನಗರದ ಅಂಚಿನ ಅಸೋಲಾ ಭಟ್ಟಿ ಅಭಯಾರಣ್ಯಕ್ಕೆ ಸಾಗಿಸಲು ಆರಂಭಿಸಿದರು. ಸರ್ಕಾರದ ಖರ್ಚಿನಲ್ಲಿ ಹಣ್ಣು ತರಕಾರಿ ಒದಗಿಸಿದರು. ಮಂಗಗಳು ಗೋಡೆ ಹಾರಿ ಸುತ್ತಲಿನ ಬಡಾವಣೆಗಳಿಗೆ ನುಗ್ಗಿದವು. ನಗರದೊಳಗೂ ಮಂಗಗಳು ಮುಗಿಯಲಿಲ್ಲ: 2023ರ ಜಿ-20 ಶೃಂಗಸಭೆಯ ವೇಳೆ ಅವನ್ನು ಹೆದರಿಸಲು ರಸ್ತೆ ಬದಿಯಲ್ಲಿ ಮುಸಿಯನ ಚಿತ್ರಗಳನ್ನು ಕತ್ತರಿಸಿ ನಿಲ್ಲಿಸಬೇಕಾಯಿತು. ಕಾರಣ ಸರಳ. ಆಹಾರವಿರುವ ಜಾಗದಿಂದ ಒಂದು ಗುಂಪನ್ನು ಎತ್ತಿದರೆ ಆ ಜಾಗ ಖಾಲಿ ಉಳಿಯುವುದಿಲ್ಲ. ಮಲೆನಾಡಿನಲ್ಲಿ ಇನ್ನೊಂದು ಅಪಾಯವೂ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ಈ ಭಾಗದಲ್ಲಿ ಜೀವ ತೆಗೆಯುತ್ತಿದೆ. ಸೋಂಕು ತಗುಲಿ ಸತ್ತ ಮಂಗದ ಮೈಯಿಂದ ಉದುರುವ ಉಣುಗುಗಳು ಸುತ್ತಲ ನೆಲದಲ್ಲಿ ರೋಗ ಬಿತ್ತುತ್ತವೆ. ಹತ್ತಾರು ಊರುಗಳ ಮಂಗಗಳನ್ನು ಇಂತಹ ನೆಲದಲ್ಲಿ ಒಂದೆಡೆ ಕೂಡಿಹಾಕುವ ಯೋಚನೆ ಯಾವ ವೈದ್ಯರನ್ನು ಕೇಳಿ ಹುಟ್ಟಿತೋ!

ಮಂಗ ಕಾಡಿನಿಂದ ಹೊರಬಂದದ್ದು ಊರನ್ನು ಆಳಲಿಕ್ಕಲ್ಲ. ಹಲಸು, ನೇರಳೆ, ಅತ್ತಿ, ಗೋಳಿ, ಉಪ್ಪಾಗೆ, ಮುರುಗಲು ತುಂಬಿದ್ದ ಕಾನುಗಳನ್ನು ಬೋಳಿಸಿ, ಕಾಗದಕ್ಕೂ ಸೌದೆಗೂ ಎಂದು ಗುಡ್ಡ ಗುಡ್ಡಕ್ಕೆ ಅಕೇಶಿಯಾ, ನೀಲಗಿರಿ ನೆಟ್ಟಾಗ ಯಾರೂ ಮಂಗಗಳ ಒಪ್ಪಿಗೆ ಕೇಳಲಿಲ್ಲ. ಹಳ್ಳಿಯವರ ಒಪ್ಪಿಗೆಯನ್ನೂ ಕೇಳಲಿಲ್ಲವೆನ್ನಿ. ಅಕೇಶಿಯಾ ತೋಪಿನಲ್ಲಿ ಮಂಗ ತಿನ್ನುವುದೇನನ್ನು? ಚದುರಿದ ಹಣ್ಣಿನ ಕಾಡನ್ನು ಕಿತ್ತು, ಅಡಿಕೆ ಬಾಳೆಯ ತೋಟವೊಂದನ್ನೇ ಬಾನಿಯಂತೆ ನಡುವೆ ಇಟ್ಟು, ಸುತ್ತಲೂ ಹಸಿವನ್ನು ನಿಲ್ಲಿಸಿ, ಆಮೇಲೆ ‘ನೋಡಿ, ಎಂತಹ ಆಕ್ರಮಣಕಾರಿ ಪ್ರಾಣಿ’ ಎನ್ನುವುದು ಶೆಂಕೆಲ್ ಮತ್ತು ಜುಕರ್‌ಮನ್ ಮಾಡಿದ ತಪ್ಪಿನ ಪುನರಾವರ್ತನೆ. ಅವರಾದರೂ ವಿದ್ವಾಂಸರಾಗಿ ತಪ್ಪಿದರು. ಇಲ್ಲಿ ಟೆಂಡರ್ ಕರೆಯುವ ತವಕವೂ ಸೇರಿದೆ.

ಮನುಷ್ಯರ ನಡುವಿನ ಯಜಮಾನಿಕೆಯ ವಿಷಯಕ್ಕೆ ಬಂದರೆ, ಅದಕ್ಕೂ ಪ್ರಾಣಿಗಳ ಪ್ರಾಬಲ್ಯಕ್ಕೂ ಹೆಸರೊಂದೇ ಸಮಾನ ಎನ್ನಬೇಕಾಗುತ್ತದೆ. ಕೋತಿಯ ಪ್ರಾಬಲ್ಯ ಅದರ ಹಲ್ಲು ಮತ್ತು ಸಂಗಡಿಗರಿರುವವರೆಗೆ. ಮನುಷ್ಯನದು ಕಾಗದದಲ್ಲಿರುತ್ತದೆ, ಅಳತೆಯಲ್ಲಿರುತ್ತದೆ, ಜಾತಿಯಲ್ಲಿರುತ್ತದೆ. ಆಳುವವನು ಸತ್ತ ಮೇಲೂ ಉಳಿಯುತ್ತದೆ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸಿಡಿದೆದ್ದದ್ದು ಯಾವುದರ ವಿರುದ್ಧ? ಭೂಮಾಲೀಕರ ತೋಳ್ಬಲದ ವಿರುದ್ಧ ಮಾತ್ರವಲ್ಲ. ಗೇಣಿ ಅಳೆಯುವ ಕೊಳಗದ ವಿರುದ್ಧ. ಆ ಅಳತೆ ನ್ಯಾಯವಲ್ಲವೆಂಬುದೇ ತಕರಾರಿನ ಬೀಜವಾಗಿತ್ತು. ಗಣಪತಿಯಪ್ಪನವರ ಮುಂದಾಳುತನದಲ್ಲಿ ನಡೆದ ಆ ಸತ್ಯಾಗ್ರಹಕ್ಕೆ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಉಳುವವನಿಗೆ ಹೊಲ ದೊರಕಿಸಿದ ಕಾನೂನು 1974ರಲ್ಲಿ ಬಂತು. ಮಲೆನಾಡಿನ ಹಳೆಯ ಸಮಾಜ ಕಾಡಿನಂತೆ ಸಾಮರಸ್ಯದಿಂದಿತ್ತೆಂದು ಹಾಡಿ ಹೊಗಳುವ ಪರಿಸರಪ್ರೇಮಿಗಳು ಈ ಕೊಳಗವನ್ನು ಮರೆಯಬಾರದು. ಯಾವ ಬಬೂನ್ ಕೂಡ ಇಂತಹದೊಂದು ಪಾತ್ರೆಯನ್ನು ಮಾಡಿಲ್ಲ.

ಬೇಟೆ ಮತ್ತು ಸಂಗ್ರಹಣೆಯಿಂದ ಬದುಕುವ ಅನೇಕ ಸಮುದಾಯಗಳಲ್ಲಿ ಮೇಲೇರಲು ಹವಣಿಸುವವನನ್ನು ಉಳಿದವರೆಲ್ಲ ಸೇರಿ ಕೆಳಗಿಳಿಸುವ ರೂಢಿಯಿದೆಯೆಂದು ಕ್ರಿಸ್ಟೊಫರ್ ಬೋಮ್ 1999ರ ತನ್ನ ಕೃತಿಯಲ್ಲಿ ತೋರಿಸಿದ. ಕಲಹರಿಯ ಕುಂಗ್ ಜನ ದೊಡ್ಡ ಬೇಟೆ ತಂದವನನ್ನು ಹೊಗಳದೆ ‘ಈ ಮೂಳೆಚಕ್ಕಳಕ್ಕೆ ಇಷ್ಟು ದೂರ ಕರೆದೆಯಾ’ ಎಂಬ ಧಾಟಿಯಲ್ಲಿ ಹಾಸ್ಯ ಮಾಡುವುದನ್ನು ರಿಚರ್ಡ್ ಲೀ ಕಂಡು ಬೆರಗಾದ. ಬೇಟೆಗಾರನ ತಲೆ ತಿರುಗದಿರಲಿ ಎಂಬುದು ಅವರ ವಿವರಣೆ. ಅಧಿಕಾರದ ಆಸೆ ಮನುಷ್ಯನಿಗೆ ಸಹಜವಿರಬಹುದು. ಅದನ್ನು ತಡೆಯುವ ಕೂಟವೂ ಅಷ್ಟೇ ಸಹಜ. ಕೊಳಗವನ್ನು ಪ್ರಶ್ನಿಸಿದ ಗೇಣಿದಾರರು ನಿಸರ್ಗದ ನಿಯಮವನ್ನು ಮುರಿಯುತ್ತಿರಲಿಲ್ಲ.

ಪಾರ್ಕಿನ ಪ್ರಸ್ತಾವ ಮತ್ತೆ ಬಂದಾಗ ಗ್ರಾಮಸಭೆಗಳು ಕೇಳಬೇಕಾದ ಪ್ರಶ್ನೆಗಳು ಬೋನಿನ ಸಂಖ್ಯೆಯ ಬಗ್ಗೆ ಇರಬೇಕಾಗಿಲ್ಲ. ತಮ್ಮ ಪಂಚಾಯತಿ ವ್ಯಾಪ್ತಿಯಲ್ಲಿ ಕಾನು ಎಷ್ಟು ಎಕರೆ ಉಳಿದಿದೆ. ಅಕೇಶಿಯಾ ಕಡಿದ ಗುಡ್ಡದಲ್ಲಿ ಮತ್ತೆ ಏನನ್ನು ನೆಡಲಾಗುತ್ತಿದೆ. ಘಟ್ಟದ ರಸ್ತೆಯಲ್ಲಿ ಮಂಗಗಳಿಗೆ ತಿಂಡಿ ಎಸೆಯುವವರನ್ನು ತಡೆಯುವವರು ಯಾರು. ದೇವಸ್ಥಾನ ಮತ್ತು ಹೋಟೆಲುಗಳ ಕಸ ಎಲ್ಲಿ ಬೀಳುತ್ತಿದೆ. ಮಂಗದಿಂದಾದ ಬೆಳೆಹಾನಿಗೆ ಸಣ್ಣ ರೈತನ ಕೈಗೆ ಪರಿಹಾರ ಎಷ್ಟು ತಿಂಗಳಿಗೆ ಬರುತ್ತದೆ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಈ ಮಳೆಗಾಲಕ್ಕೆ ಸಿದ್ಧವಾಗಿರುವ ಸಸಿಗಳ ಪಟ್ಟಿಯನ್ನು ಗ್ರಾಮ ಅರಣ್ಯ ಸಮಿತಿಗಳು ಜೂನ್‌ಗೆ ಮೊದಲೇ ಲಿಖಿತವಾಗಿ ಕೇಳಿ ಪಡೆಯಬೇಕು. ಅದರಲ್ಲಿ ಹಲಸು, ನೇರಳೆ, ಮುರುಗಲು, ಉಪ್ಪಾಗೆ ಎಷ್ಟಿವೆ, ಉಳಿದದ್ದು ಏನಿದೆ ಎಂದು ಎಣಿಸಲು ಶಾಲೆಯ ಮಕ್ಕಳಿಗೂ ಅರ್ಧ ಗಂಟೆ ಸಾಕು.